ಇದಿಲ್ಲದಿದ್ದರೆ ಅದು ನಡೆಯುತ್ತದೆಯೇ? ಗಿಟಾರ್ ಪೆಡಲ್‌ನ ಬದಲಿ ಬಿಡಿಭಾಗಗಳು

ಸರ್ಕ್ಯೂಟ್ ನಕ್ಷೆಯಲ್ಲಿ 51ಕೆ (ಅಂದರೆ 51 ಕಿಲೋಓಮ್) ರೆಸಿಸ್ಟರ್ ಎಂದಿದೆ, ಡಬ್ಬಿಯಲ್ಲಿರುವುದು 47ಕೆ. ಗಿಟಾರಿನ ದನಿ ಬದಲಿಸುವ ಪೆಡಲ್ ಕಟ್ಟಲು ಕೂತವರು ಮೊದಲು ತಡವರಿಸುವುದು ಇಂಥಲ್ಲೇ. ಕೆಲವರು ಕೆಲಸ ನಿಲ್ಲಿಸಿ 51ಕೆ ಸಿಗುವವರೆಗೆ ಕಾಯುತ್ತಾರೆ. ಇನ್ನು ಕೆಲವರು ಹತ್ತಿರದ್ದು ಯಾವುದಾದರೂ ಆದೀತು ಎಂದು ಬೆಸೆದುಬಿಡುತ್ತಾರೆ. ಇಬ್ಬರೂ ಒಮ್ಮೊಮ್ಮೆ ಸರಿ, ಒಮ್ಮೊಮ್ಮೆ ತಪ್ಪು. ಬದಲಿ ನಡೆಯುತ್ತದೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ಆ ಭಾಗ ಕೂತ ಜಾಗ, ಅಲ್ಲಿ ಅದು ಮಾಡುವ ಕೆಲಸ. ಒಂದೇ ಬೋರ್ಡಿನಲ್ಲಿ ಒಂದು ರೆಸಿಸ್ಟರ್ ಎರಡರಷ್ಟಾದರೂ ಕಿವಿಗೆ ಏನೂ ಗೊತ್ತಾಗುವುದಿಲ್ಲ, ಅದರ ಪಕ್ಕದ್ದು ಸ್ವಲ್ಪ ಜರುಗಿದರೂ ಇಡೀ ಪೆಡಲ್‌ನ ದನಿಯೇ ಬೇರೆಯಾಗುತ್ತದೆ.

ಟ್ಯೂಬ್ ಸ್ಕ್ರೀಮರ್ ಮಾದರಿಯ ಓವರ್‌ಡ್ರೈವ್ (ದನಿಯನ್ನು ಹದವಾಗಿ ಒಡೆಯುವ ಪೆಡಲ್) ಒಂದರ ಹೃದಯವನ್ನೇ ನೋಡೋಣ. ಸಿಗ್ನಲ್ ಹಿಗ್ಗಿಸುವ ಚಿಪ್ ಆದ ಆಪ್-ಆಂಪ್‌ನ ಫೀಡ್‌ಬ್ಯಾಕ್ ದಾರಿಯಲ್ಲಿ (ಔಟ್‌ಪುಟ್‌ನಿಂದ ಇನ್‌ಪುಟ್‌ಗೆ ಮರಳುವ ದಾರಿ) 51ಕೆ ರೆಸಿಸ್ಟರ್, ಅದರ ಬೆನ್ನಿಗೇ 500ಕೆ ಡ್ರೈವ್ ಪಾಟ್ (ತಿರುಗಿಸಿ ಬದಲಿಸುವ ರೆಸಿಸ್ಟರ್). ಚಿಪ್‌ನ ಮೈನಸ್ ಇನ್‌ಪುಟ್ ಕಾಲಿನಿಂದ ಗ್ರೌಂಡ್‌ಗೆ 4.7ಕೆ ರೆಸಿಸ್ಟರ್ ಮತ್ತು 47 ನ್ಯಾನೋಫ್ಯಾರಡ್ ಕೆಪಾಸಿಟರ್ ಒಂದರ ಹಿಂದೆ ಒಂದು. ಡ್ರೈವ್ ಪೂರ್ತಿ ಏರಿಸಿದಾಗ ಗೇನ್ (ಸಿಗ್ನಲ್ ಎಷ್ಟು ಪಟ್ಟು ಹಿಗ್ಗುತ್ತದೆ ಎಂಬುದು) ಎಷ್ಟೆಂದರೆ 551ನ್ನು 4.7ರಿಂದ ಭಾಗಿಸಿ ಒಂದು ಕೂಡಿಸಿದಷ್ಟು, ಸುಮಾರು 118. 51ಕೆ ಜಾಗಕ್ಕೆ 47ಕೆ ಬಂದರೆ 117. ಡ್ರೈವ್ ಪೂರ್ತಿ ಇಳಿಸಿದಾಗ 11.9 ಇದ್ದದ್ದು 11 ಆಗುತ್ತದೆ, ಒಂದು ಡೆಸಿಬೆಲ್‌ಗೂ ಕಡಿಮೆ ವ್ಯತ್ಯಾಸ. ಪಕ್ಕದಲ್ಲಿರುವ ಪಾಟ್‌ಗೇ ಶೇ. 20ರಷ್ಟು ಹೆಚ್ಚುಕಡಿಮೆ ಮಾಮೂಲಿ. 500ಕೆ ಎಂದು ಅಚ್ಚಾಗಿದ್ದರೂ ಒಳಗೆ 400ಕೆ ಇರಬಹುದು, 600ಕೆ ಇರಬಹುದು. ಅದರ ಮುಂದೆ 4ಕೆ ಲೆಕ್ಕಕ್ಕೇ ಬರುವುದಿಲ್ಲ. ಆದ್ದರಿಂದ ಇಲ್ಲಿ 47ಕೆ ಧಾರಾಳವಾಗಿ ಹಾಕಬಹುದು. ಕರಾರುವಾಕ್ಕಾಗಿಯೇ ಬೇಕೆನ್ನುವವರು 47ಕೆ ಜೊತೆ 3.9ಕೆ ಸರಣಿಯಲ್ಲಿ ಸೇರಿಸಿದರೆ 50.9ಕೆ ಆಯಿತು.

ಅದೇ ಧೈರ್ಯವನ್ನು 4.7ಕೆ ಮೇಲೆ ತೋರಿಸುವಂತಿಲ್ಲ. ಆ ಪುಟ್ಟ ರೆಸಿಸ್ಟರ್ ಒಟ್ಟಿಗೆ ಎರಡು ಕೆಲಸ ಮಾಡುತ್ತದೆ. ಗೇನ್ ಎಷ್ಟೆಂದು ಹೇಳುವುದೂ ಅದೇ, ಯಾವ ಸ್ವರದಿಂದ ಕೆಳಗೆ ಗೇನ್ ಇಳಿಯತೊಡಗಬೇಕೆಂದು 47 ನ್ಯಾನೋಫ್ಯಾರಡ್ ಜೊತೆ ಸೇರಿ ಹೇಳುವುದೂ ಅದೇ. ಈ ಗಡಿಯನ್ನು ಲೆಕ್ಕ ಹಾಕಲು ಒಂದು ಸುಲಭ ಸೂತ್ರವಿದೆ, ಬಾಯಿಪಾಠ ಮಾಡಿಕೊಳ್ಳುವಷ್ಟು ಉಪಯೋಗದ್ದು: ಕಿಲೋಓಮ್ ಮತ್ತು ನ್ಯಾನೋಫ್ಯಾರಡ್ ಎರಡನ್ನೂ ಗುಣಿಸಿ, 159155ನ್ನು ಆ ಗುಣಲಬ್ಧದಿಂದ ಭಾಗಿಸಿ, ಸಿಗುವುದು ಹರ್ಟ್ಸ್. 4.7 ಗುಣಿಸು 47 ಎಂದರೆ 220.9, ಗಡಿ 720 ಹರ್ಟ್ಸ್. ಗಿಟಾರಿನ ದಪ್ಪ ತಂತಿ ಮಿಡಿಯುವುದು 82 ಹರ್ಟ್ಸ್‌ನಲ್ಲಿ. ಅಂದರೆ ಈ ಪೆಡಲ್ ಮಂದ್ರವನ್ನು ಬೇಕೆಂದೇ ಕಡಿಮೆ ಒಡೆಯುತ್ತದೆ. ಮಧ್ಯಸ್ವರ ಮುಂದೆ ಬಂದು, ಸ್ವಲ್ಪ ಮೂಗಿನಿಂದ ಹೊರಟಂತೆ ಕೇಳುವ ಆ ಪರಿಚಿತ ದನಿ ಬಹುಪಾಲು ಇಲ್ಲಿಂದಲೇ ಹುಟ್ಟುವುದು. 4.7ಕೆ ಸಿಗಲಿಲ್ಲವೆಂದು 3.3ಕೆ ಹಾಕಿದರೆ ಗೇನ್ 168ಕ್ಕೆ ಏರುತ್ತದೆ, ಗಡಿ 1026 ಹರ್ಟ್ಸ್‌ಗೆ ಹೋಗುತ್ತದೆ, ದನಿ ಇನ್ನಷ್ಟು ತೆಳ್ಳಗೆ, ಇನ್ನಷ್ಟು ಚೂಪು. 10ಕೆ ಹಾಕಿದರೆ ಗೇನ್ 56ಕ್ಕೆ ಇಳಿದು ಗಡಿ 339 ಹರ್ಟ್ಸ್‌ಗೆ ಬರುತ್ತದೆ. ಎರಡೂ ಕೆಟ್ಟದ್ದೇನಲ್ಲ, ಆದರೆ ಅದು ಬೇರೆ ಪೆಡಲ್.

47 ನ್ಯಾನೋಫ್ಯಾರಡ್ ಇಲ್ಲದಿದ್ದರೆ ಎರಡು 22 ನ್ಯಾನೋಫ್ಯಾರಡ್ ಪಕ್ಕಪಕ್ಕ ಬೆಸೆಯಿರಿ. ಕೆಪಾಸಿಟರ್‌ಗಳು ಸಮಾಂತರದಲ್ಲಿ ಕೂಡುತ್ತವೆ, 44 ಆಯಿತು, ಗಡಿ 770 ಹರ್ಟ್ಸ್. ಇದು ಕಿವಿಗೆ ತಿಳಿಯದು. 68 ಹಾಕಿದರೆ 498, 100 ಹಾಕಿದರೆ 339. ಇವು ಚೆನ್ನಾಗಿಯೇ ತಿಳಿಯುತ್ತವೆ. ಫೀಡ್‌ಬ್ಯಾಕ್‌ನಲ್ಲಿ ಸಿಗ್ನಲ್‌ನ ತುದಿ ಕತ್ತರಿಸಿ ದನಿ ಒಡೆಯುವ ಡಯೋಡ್‌ಗಳ ಮೇಲೆ ಕೂರುವ 51 ಪಿಕೋಫ್ಯಾರಡ್‌ಗೂ ಇದೇ ಲೆಕ್ಕ. ಡ್ರೈವ್ ಪೂರ್ತಿ ಏರಿದಾಗ ಅದು ಸುಮಾರು 5660 ಹರ್ಟ್ಸ್‌ನಿಂದ ಮೇಲಿನದನ್ನು ಸವರುತ್ತದೆ. 47 ಪಿಕೋಫ್ಯಾರಡ್ ಆದರೆ 6150, ತೊಂದರೆಯಿಲ್ಲ. ಇದ್ದದ್ದು 100 ಒಂದೇ ಎಂದು ಅದನ್ನು ಹಾಕಿದರೆ ಗಡಿ 2890ಕ್ಕೆ ಕುಸಿದು, ಪೆಡಲ್ ಮೇಲೆ ಕಂಬಳಿ ಹೊದಿಸಿದಂತಾಗುತ್ತದೆ. ಎರಡು 100ನ್ನು ಸರಣಿಯಲ್ಲಿ ಹಾಕಿ, 50 ಆಗುತ್ತದೆ.

ಇನ್ನು ತಲೆ ಕೆಡಿಸಿಕೊಳ್ಳಬೇಕಿಲ್ಲದ ಜಾಗಗಳು. ಇನ್‌ಪುಟ್‌ನಲ್ಲಿ ಗ್ರೌಂಡ್‌ಗೆ ಇಳಿಯುವ 1 ಮೆಗಾಓಮ್ 2.2 ಮೆಗಾಓಮ್ ಆದರೂ ಸರಿ. 9 ವೋಲ್ಟ್ ಪವರ್‌ನ ಅರ್ಧ 4.5 ವೋಲ್ಟ್ ಮಾಡಲು ಇರುವ ಎರಡು 10ಕೆ ಜಾಗದಲ್ಲಿ ಎರಡು 22ಕೆ ಆಗುತ್ತದೆ, 47ಕೆಯೂ ಆಗುತ್ತದೆ. ಎರಡೂ ಒಂದೇ ಬೆಲೆಯವಾಗಿರಬೇಕು (ಬೆಲೆ ಎಂದರೆ ಇಲ್ಲಿ ಭಾಗದ ಅಳತೆ, ಹಣವಲ್ಲ), ನಡುವಿನಿಂದ ಗ್ರೌಂಡ್‌ಗೆ ದೊಡ್ಡ ಕೆಪಾಸಿಟರ್ ಇರಬೇಕು, ಅಷ್ಟೇ. ಪವರ್ ದಾರಿಯ 100 ಮೈಕ್ರೋಫ್ಯಾರಡ್ 47 ಆಗಲಿ 220 ಆಗಲಿ ಪೆಡಲ್ ಉಸಿರೆತ್ತದು. ಎಲ್‌ಇಡಿಯ ರೆಸಿಸ್ಟರ್ ಬರೀ ಬೆಳಕಿನ ವಿಷಯ. ಇನ್‌ಪುಟ್ ಕೆಪಾಸಿಟರ್ ಕೂಡ ಆಪ್-ಆಂಪ್ ಸರ್ಕ್ಯೂಟ್‌ಗಳಲ್ಲಿ ಉದಾರಿ. ಮುಂದೆ 1 ಮೆಗಾಓಮ್ ಇದ್ದರೆ 22 ನ್ಯಾನೋಫ್ಯಾರಡ್‌ನ ಗಡಿ 7 ಹರ್ಟ್ಸ್, 10ರದ್ದು 16 ಹರ್ಟ್ಸ್, ಎರಡೂ ಗಿಟಾರಿನ ಸರಹದ್ದಿನಿಂದ ಎಷ್ಟೋ ಕೆಳಗೆ. ಫಝ್ ಫೇಸ್ ಪೆಡಲ್‌ನಂಥ ಸರ್ಕ್ಯೂಟ್‌ನಲ್ಲಿ ಮಾತ್ರ ಇನ್‌ಪುಟ್‌ನ ಪ್ರತಿರೋಧವೇ ಕೆಲವೇ ಕಿಲೋಓಮ್, ಅದಕ್ಕೇ ಅಲ್ಲಿ 2.2 ಮೈಕ್ರೋಫ್ಯಾರಡ್ ಇಟ್ಟಿದ್ದಾರೆ. ಅಲ್ಲಿ ಹೋಗಿ 22 ನ್ಯಾನೋಫ್ಯಾರಡ್ ಹಾಕಿದರೆ ದಪ್ಪ ತಂತಿಗಳು ಸೊರಗುತ್ತವೆ.

ಕೆಪಾಸಿಟರ್ ಮೇಲಿನ ಅಂಕಿ ಓದುವಾಗ ಆಗುವ ತಪ್ಪುಗಳೇ ಹೆಚ್ಚು. 103 ಎಂದರೆ 10 ನ್ಯಾನೋಫ್ಯಾರಡ್, 104 ಎಂದರೆ 100, 102 ಎಂದರೆ 1, 471 ಎಂದರೆ 470 ಪಿಕೋಫ್ಯಾರಡ್. ಮೂರನೆಯ ಅಂಕಿ ಸೊನ್ನೆಗಳ ಲೆಕ್ಕ, ಮೊತ್ತ ಪಿಕೋಫ್ಯಾರಡ್‌ನಲ್ಲಿ. ಇನ್ನು ಜಾತಿಯ ಮಾತು. ಸಿಗ್ನಲ್ ಹಾಯುವ ದಾರಿಯಲ್ಲಿ 1 ನ್ಯಾನೋಫ್ಯಾರಡ್‌ನಿಂದ ಮೇಲೆ ಫಿಲ್ಮ್ ಕೆಪಾಸಿಟರ್ ಒಳ್ಳೆಯದು. ಪಿಕೋಫ್ಯಾರಡ್ ಬೆಲೆಗಳಿಗೆ ಎನ್‌ಪಿ0 ಎಂದು ಗುರುತಿಸುವ ಸೆರಾಮಿಕ್ ಸಾಕು. ದೊಡ್ಡ ಬೆಲೆಯ ಅಗ್ಗದ ಸೆರಾಮಿಕ್‌ಗಳು ಮೈಮೇಲೆ ವೋಲ್ಟೇಜ್ ಬಂದಂತೆ ತಮ್ಮ ಬೆಲೆಯನ್ನೇ ಕಳೆದುಕೊಳ್ಳುತ್ತವೆ, ಮೇಲಾಗಿ ಬಡಿದರೆ ಸದ್ದು ಮಾಡುತ್ತವೆ. ಕಾಲಿನಿಂದ ತುಳಿಯುವ ಪೆಟ್ಟಿಗೆಯಲ್ಲಿ, ಅದೂ ಮುಂದೆ ನೂರುಪಟ್ಟು ಗೇನ್ ಇರುವಲ್ಲಿ, ಇದು ಸಣ್ಣ ಮಾತಲ್ಲ. ಎಲೆಕ್ಟ್ರೋಲಿಟಿಕ್ ಜಾಗಕ್ಕೆ ಅಷ್ಟೇ ಬೆಲೆಯ ಫಿಲ್ಮ್ ಯಾವತ್ತೂ ಹಾಕಬಹುದು. ಎಲೆಕ್ಟ್ರೋಲಿಟಿಕ್ ಹಾಕುವಾಗ ಪ್ಲಸ್-ಮೈನಸ್ ದಿಕ್ಕು ನೋಡಬೇಕು, 9 ವೋಲ್ಟ್ ಪೆಡಲ್‌ಗೆ 16 ವೋಲ್ಟ್‌ನದ್ದು ಸಾಕು, 18 ವೋಲ್ಟ್‌ನಲ್ಲೂ ಓಡಿಸುವ ಯೋಚನೆಯಿದ್ದರೆ 25 ವೋಲ್ಟ್‌ಗೆ ಕಡಿಮೆ ಬೇಡ.

ಡಯೋಡ್ ಬದಲಾಯಿಸುವುದು ಅತಿ ಸುಲಭ, ಪರಿಣಾಮವೂ ಎದ್ದು ಕೇಳುತ್ತದೆ. ನಕ್ಷೆಯಲ್ಲಿ 1ಎನ್914 ಇದ್ದರೆ 1ಎನ್4148 ಕಣ್ಣುಮುಚ್ಚಿ ಹಾಕಿ, ಈ ಕೆಲಸಕ್ಕೆ ಎರಡೂ ಒಂದೇ. ಸಿಲಿಕಾನ್ ಡಯೋಡ್ ತೆರೆದುಕೊಳ್ಳುವುದು ಸುಮಾರು 0.6 ವೋಲ್ಟ್‌ಗೆ, ಜರ್ಮೇನಿಯಂ 0.3ರ ಆಸುಪಾಸಿಗೆ, ಕೆಂಪು ಎಲ್‌ಇಡಿ 1.7ಕ್ಕೆ, ನೀಲಿ ಎಲ್‌ಇಡಿ 3 ವೋಲ್ಟ್ ಹತ್ತಿರ. ಇದರಿಂದ ಎಷ್ಟು ಬದಲಾಗುತ್ತದೆ ಎಂಬುದಕ್ಕೆ ಹಳೆಯ ಎರಡು ಪೆಡಲ್‌ಗಳೇ ಸಾಕ್ಷಿ. ಎಂಎಕ್ಸ್‌ಆರ್ ಡಿಸ್ಟಾರ್ಷನ್ ಪ್ಲಸ್ ಮತ್ತು ಡಿಒಡಿ 250 ಎರಡೂ 741 ಆಪ್-ಆಂಪ್ ಸುತ್ತ ಕಟ್ಟಿದ, ಬಹುಪಾಲು ಒಂದೇ ಆದ ಸರ್ಕ್ಯೂಟ್‌ಗಳು. ಮೊದಲನೆಯದರಲ್ಲಿ ಜರ್ಮೇನಿಯಂ ಡಯೋಡ್, ಎರಡನೆಯದರಲ್ಲಿ ಸಿಲಿಕಾನ್. ಮೊದಲನೆಯದು ಮೆತ್ತಗೆ, ಸದ್ದೂ ಕಡಿಮೆ. ಎರಡನೆಯದು ಜೋರು, ಅಂಚು ಹರಿತ.

ಡಯೋಡ್ ಗ್ರೌಂಡ್‌ಗೆ ಇಳಿದಿದೆಯೋ ಫೀಡ್‌ಬ್ಯಾಕ್‌ನಲ್ಲಿ ಕೂತಿದೆಯೋ ಎಂಬುದನ್ನು ಮಾತ್ರ ಗಮನಿಸಿ. ಗ್ರೌಂಡ್‌ಗೆ ಇಳಿದಲ್ಲಿ ಜರ್ಮೇನಿಯಂ ಸಿಗದಿದ್ದರೆ ಬಿಎಟಿ41ರಂಥ ಶಾಟ್ಕಿ ಡಯೋಡ್ ಹತ್ತಿರದ ಬದಲಿ. ಫೀಡ್‌ಬ್ಯಾಕ್‌ನಲ್ಲಿ 1ಎನ್5817 ಹಾಕುವುದು ಬೇಡ. ಅದು ಪವರ್ ಕೆಲಸದ ಡಯೋಡ್, ಒಳಗಿನ ಕೆಪಾಸಿಟೆನ್ಸ್ 100 ಪಿಕೋಫ್ಯಾರಡ್‌ಗೂ ಮೀರಿದ್ದು. ನಾವು ಮೇಲೆ 51ಕ್ಕೋ 47ಕ್ಕೋ ಎಂದು ಲೆಕ್ಕ ಹಾಕಿದ ಜಾಗಕ್ಕೇ ಅದು ಬಂದು ಕೂರುತ್ತದೆ. ದನಿ ಮಸುಕಾಯಿತೆಂದು ಟೋನ್ ವಿಭಾಗದಲ್ಲಿ ತಪ್ಪು ಹುಡುಕುತ್ತಾ ಕೂರಬೇಕಾಗುತ್ತದೆ. ಇನ್ನು ನೀಲಿ ಎಲ್‌ಇಡಿ ಜೋಡಿ ಹಾಕಿದರೆ, 9 ವೋಲ್ಟ್‌ನ ಪೆಡಲ್‌ನಲ್ಲಿ ಡಯೋಡ್ ಸರಿಯಾಗಿ ತೆರೆದುಕೊಳ್ಳುವ ಹೊತ್ತಿಗೆ ಆಪ್-ಆಂಪ್‌ನದ್ದೇ ಶಕ್ತಿ ಮುಗಿದಿರುತ್ತದೆ. ಕೇಳುವುದು ಡಯೋಡ್‌ನ ಒಡಕಿಗಿಂತ ಆಪ್-ಆಂಪ್‌ನ ಒಡಕು. ಕೆಲವರಿಗೆ ಅದೇ ಇಷ್ಟ.

ಆಪ್-ಆಂಪ್ ವಿಷಯದಲ್ಲಿ ಇರುವಷ್ಟು ಮೋಹ ಬೇರೆ ಯಾವುದರಲ್ಲೂ ಇಲ್ಲ. ಜೆಆರ್‌ಸಿ4558ಡಿಯೇ ಬೇಕು ಎಂಬ ಹಟ ಎಲ್ಲೆಡೆ ಕಾಣುತ್ತದೆ. ಡಯೋಡ್ ಒಡೆಯುವ ಸರ್ಕ್ಯೂಟ್‌ನಲ್ಲಿ 4558 ತೆಗೆದು ಟಿಎಲ್072 ಹಾಕಿದರೆ ಆಗುವ ವ್ಯತ್ಯಾಸ, ಟೋನ್ ಪಾಟನ್ನು ಒಂದು ಗೆರೆ ತಿರುಗಿಸಿದಷ್ಟೂ ಇರುವುದಿಲ್ಲ. ಎರಡಕ್ಕೂ ಎಂಟೇ ಕಾಲು, ಜೋಡಣೆ ಒಂದೇ: 4 ಗ್ರೌಂಡ್, 8 ಪ್ಲಸ್, 1 ಮತ್ತು 7 ಔಟ್‌ಪುಟ್. ಆದರೂ ಎರಡು ಕಡೆ ಎಚ್ಚರ ಬೇಕು. ಟಿಎಲ್072ರ ಇನ್‌ಪುಟ್ ಗ್ರೌಂಡ್ ಹತ್ತಿರಕ್ಕೆ ಎಳೆಯಲ್ಪಟ್ಟರೆ ಔಟ್‌ಪುಟ್ ತಲೆಕೆಳಗಾಗಿ ಹಾರುತ್ತದೆ. ಜೋರು ಸಿಗ್ನಲ್ ತಿನ್ನುವ ಎರಡನೆಯ ಹಂತದಲ್ಲಿ ಇದು ಕರ್ಕಶವಾದ ಚಿಟಪಟ ಸದ್ದಾಗಿ ಕೇಳುತ್ತದೆ. ಎನ್‌ಇ5532ರ ಇನ್‌ಪುಟ್ ಸುಮಾರು 200 ನ್ಯಾನೋಆಂಪಿಯರ್ ಕರೆಂಟ್ ಎಳೆಯುತ್ತದೆ. ಇನ್‌ಪುಟ್‌ಗೆ 4.5 ವೋಲ್ಟ್ ತಲುಪಿಸುವ ಬಯಾಸ್ ರೆಸಿಸ್ಟರ್ 10ಕೆ ಇದ್ದರೆ ಏನೂ ಆಗದು. 1 ಮೆಗಾಓಮ್ ಇದ್ದರೆ ಅಲ್ಲೇ 0.2 ವೋಲ್ಟ್ ಜರುಗಿ, ಕೆಪಾಸಿಟರ್‌ನ ತಡೆಯಿಲ್ಲದ ಪಾಟ್‌ಗಳು ತಿರುಗಿಸಿದಾಗ ಕೆರೆಯುತ್ತವೆ. ಬ್ಯಾಟರಿಯಲ್ಲಿ ಓಡುವ ಪೆಡಲ್‌ಗೆ ಅದರ 8 ಮಿಲಿಆಂಪಿಯರ್ ಹಸಿವೂ ದುಬಾರಿ, ಟಿಎಲ್072ಕ್ಕೆ 3 ಸಾಕು.

ಚಿಪ್ಪೇ ದನಿಯಾಗಿರುವ ಪೆಡಲ್ ಎಂದರೆ ರ್‍ಯಾಟ್. ಅದರ ಎಲ್‌ಎಂ308 ಬಲು ನಿಧಾನಿ, ಮೈಕ್ರೋಸೆಕೆಂಡಿಗೆ ಸುಮಾರು 0.3 ವೋಲ್ಟ್ ಮಾತ್ರ ಏರಬಲ್ಲದು. ಗೇನ್ ಏರಿಸಿದಾಗ ಮೇಲಿನ ಸ್ವರಗಳನ್ನು ಹಿಡಿಯಲಾಗದೆ ಅದು ಸಿಗ್ನಲ್‌ನ ಮೂಲೆ ಸವೆಸುತ್ತದೆ. ಅಷ್ಟೇ ನಿಧಾನದ ಒಪಿ07 ಇದಕ್ಕೆ ತಕ್ಕ ಬದಲಿ, ನಂತರದ ರ್‍ಯಾಟ್‌ಗಳಲ್ಲಿ ಬಂದದ್ದೂ ಅದೇ. 13 ವೋಲ್ಟ್ ವೇಗದ ಟಿಎಲ್071 ಹಾಕಿದರೆ ದನಿ ಒರಟಾಗಿ ಹೊಳೆಯುತ್ತದೆ. ಎಲ್‌ಎಂ308ಕ್ಕೆ 1 ಮತ್ತು 8ನೇ ಕಾಲುಗಳ ನಡುವೆ 30 ಪಿಕೋಫ್ಯಾರಡ್ ಬೇಕೇಬೇಕು. ಒಪಿ07 ಹಾಕುವಾಗ ಅದನ್ನು ತೆಗೆದುಬಿಡಿ, ಅಲ್ಲಿ ಆ ಕಾಲುಗಳ ಕೆಲಸವೇ ಬೇರೆ.

ಟ್ರಾನ್ಸಿಸ್ಟರ್‌ಗೆ ಬಂದರೆ ಫಝ್ ಫೇಸ್ ಮುಂದೆ ಸ್ವಲ್ಪ ಹೊತ್ತು ಕೂರಲೇಬೇಕು. 1966ರಲ್ಲಿ ಬಂದ ಈ ಪೆಡಲ್‌ನಲ್ಲಿ ಎರಡೇ ಟ್ರಾನ್ಸಿಸ್ಟರ್, ಜರ್ಮೇನಿಯಂ ಪಿಎನ್‌ಪಿ, ಎನ್‌ಕೆಟಿ275. ಭಾಗಗಳು ಕಡಿಮೆಯಾದಷ್ಟೂ ಒಂದೊಂದರ ಗುಣವೂ ನೇರವಾಗಿ ದನಿಗೆ ಬರುತ್ತದೆ. ಮೊದಲನೆಯದರ ಗೇನ್ 70-80, ಎರಡನೆಯದರದ್ದು 110-130 ಇದ್ದರೆ ಒಳ್ಳೆಯದು ಎಂಬುದು ಕಟ್ಟುವವರ ಅನುಭವದ ಮಾತು. ಯಾವ ನಂಬರಿನ ಟ್ರಾನ್ಸಿಸ್ಟರ್ ಎಂಬುದಕ್ಕಿಂತ ಈ ಅಳತೆ ಮುಖ್ಯ. ಆದರೆ ಮಲ್ಟಿಮೀಟರಿನ ಗೇನ್ ತೂತಿಗೆ ಚುಚ್ಚಿ ಓದಿದ್ದನ್ನು ನಂಬುವಂತಿಲ್ಲ. ಜರ್ಮೇನಿಯಂ ಸೋರುತ್ತದೆ, ಮೀಟರ್ ಆ ಸೋರಿಕೆಯನ್ನೂ ಗೇನ್ ಎಂದೇ ಎಣಿಸುತ್ತದೆ.

ನಿಜ ಅಳೆಯುವ ಬಗೆ ಹೀಗೆ. ಟ್ರಾನ್ಸಿಸ್ಟರ್‌ಗೆ ಎಮಿಟರ್, ಬೇಸ್, ಕಲೆಕ್ಟರ್ ಎಂದು ಮೂರು ಕಾಲು. 9 ವೋಲ್ಟ್ ಬ್ಯಾಟರಿಯ ಪ್ಲಸ್‌ಗೆ ಎಮಿಟರ್. ಕಲೆಕ್ಟರ್‌ನಿಂದ ಮೈನಸ್‌ಗೆ 2.47ಕೆ ರೆಸಿಸ್ಟರ್. ಆ ಬೆಲೆಯದು ಸಿಗದು, 2.2ಕೆ ಮತ್ತು 270 ಓಮ್ ಸರಣಿಯಲ್ಲಿ ಹಾಕಿ. ಬೇಸ್ ತೆರೆದೇ ಇರಲಿ. ರೆಸಿಸ್ಟರ್‌ನ ಎರಡು ತುದಿಗಳ ನಡುವೆ ಬರುವ ವೋಲ್ಟ್ ಪೂರ್ತಿ ಸೋರಿಕೆಯದ್ದು. 0.25 ವೋಲ್ಟ್ ತೋರಿದರೆ ಸೋರಿಕೆ ಸುಮಾರು 100 ಮೈಕ್ರೋಆಂಪಿಯರ್. ಈಗ 2.2 ಮೆಗಾಓಮ್ ಮೂಲಕ ಬೇಸನ್ನು ಮೈನಸ್‌ಗೆ ಮುಟ್ಟಿಸಿ. ಬೇಸ್‌ಗೆ ಸುಮಾರು 4 ಮೈಕ್ರೋಆಂಪಿಯರ್ ಸಿಗುತ್ತದೆ, ಓದು 1.05ಕ್ಕೆ ಏರಿತು ಎನ್ನೋಣ. ಮೊದಲ ಓದನ್ನು ಕಳೆದರೆ 0.80, ನೂರರಿಂದ ಗುಣಿಸಿದರೆ ನಿಜವಾದ ಗೇನ್ 80. ಸೋರಿಕೆ ಕಳೆಯದೆ ಓದಿದ್ದರೆ 105 ಎಂದುಕೊಂಡು ತಪ್ಪು ಜಾಗದಲ್ಲಿ ಕೂರಿಸುತ್ತಿದ್ದೆವು. ಅಳೆಯುವಾಗ ಟ್ರಾನ್ಸಿಸ್ಟರನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, ಮೈಶಾಖಕ್ಕೇ ಅಂಕಿ ಮೇಲೇರುತ್ತಾ ಹೋಗುತ್ತದೆ. ಆದ್ದರಿಂದ ಮುಟ್ಟಿದ ಮೇಲೆ ಒಂದೆರಡು ನಿಮಿಷ ಬಿಟ್ಟು ಓದಬೇಕು. ಇದೇ ಕಾರಣಕ್ಕೆ ಇವನ್ನು ನೇರ ಬೆಸೆಯದೆ ಸಾಕೆಟ್‌ನಲ್ಲಿ ಕೂರಿಸುವುದು ಕ್ಷೇಮ.

ಟ್ರಾನ್ಸಿಸ್ಟರ್ ಬದಲಾದ ಮೇಲೆ ನಕ್ಷೆಯ ರೆಸಿಸ್ಟರ್‌ಗಳು ಹಾಗೇ ಹೊಂದುತ್ತವೆ ಎಂದು ಎಣಿಸಬಾರದು. ಎರಡನೆಯದರ ಕಲೆಕ್ಟರ್‌ನಲ್ಲಿ 8.2ಕೆ ಇರುತ್ತದೆ, ಅದನ್ನು ತೆಗೆದು 20ಕೆ ಟ್ರಿಮ್‌ಪಾಟ್ (ಸ್ಕ್ರೂಡ್ರೈವರ್‌ನಿಂದ ತಿರುಗಿಸುವ ಪುಟ್ಟ ಪಾಟ್) ಹಾಕಿ, ಕಲೆಕ್ಟರ್ ಸುಮಾರು 4.5 ವೋಲ್ಟ್‌ಗೆ ಬರುವವರೆಗೆ ತಿರುಗಿಸಿ. ಪಿಎನ್‌ಪಿ ಆದರೆ ಮೈನಸ್ 4.5. ವೋಲ್ಟ್ 9ರ ಹತ್ತಿರ ನಿಂತಿದ್ದರೆ ರೆಸಿಸ್ಟೆನ್ಸ್ ಹೆಚ್ಚಿಸಬೇಕು, ಸೊನ್ನೆಗೆ ಅಂಟಿದ್ದರೆ ಇಳಿಸಬೇಕು. ಎರಡು ತುದಿಗಳಲ್ಲೂ ದನಿ ತುಂಡುತುಂಡಾಗಿ, ಸ್ವರ ಸಾಯುವ ಮೊದಲೇ ಕತ್ತು ಹಿಸುಕಿದಂತೆ ನಿಲ್ಲುತ್ತದೆ. ಪಿಎನ್‌ಪಿ ಬದಲು ಎನ್‌ಪಿಎನ್ ಸಿಲಿಕಾನ್ ಹಾಕುವುದಾದರೆ ಬ್ಯಾಟರಿಯ ದಿಕ್ಕು, ಎಲೆಕ್ಟ್ರೋಲಿಟಿಕ್‌ಗಳ ದಿಕ್ಕು ಎಲ್ಲವೂ ತಿರುಗಬೇಕು. ಪಿಎನ್‌ಪಿಯನ್ನೇ ಉಳಿಸಿಕೊಂಡು ಪ್ಲಸ್ ಗ್ರೌಂಡ್ ಇಟ್ಟವರು ಆ ಪೆಡಲನ್ನು ಬೇರೆಯವುಗಳ ಜೊತೆ ಒಂದೇ ಅಡಾಪ್ಟರಿನ ಕವಲಿಗೆ ಚುಚ್ಚಬಾರದು, ಪ್ಯಾಚ್ ಕೇಬಲ್ಲಿನ ಗ್ರೌಂಡ್ ಮೂಲಕ 9 ವೋಲ್ಟ್ ನೇರ ಶಾರ್ಟ್ ಆಗುತ್ತದೆ. ಬಿಸಿ108ಸಿಯಂಥ ಹೆಚ್ಚು ಗೇನಿನ ಸಿಲಿಕಾನ್ ರೇಡಿಯೋವನ್ನೂ ಹಿಡಿಯುತ್ತದೆ. ಕಲೆಕ್ಟರ್-ಬೇಸ್ ನಡುವೆ 47ರಿಂದ 100 ಪಿಕೋಫ್ಯಾರಡ್ ಹಾಕಿದರೆ ಅಡಗುತ್ತದೆ.

ಬಿಗ್ ಮಫ್ ಎಂಬ ಫಝ್ ಪೆಡಲ್ ಇದಕ್ಕೆ ತದ್ವಿರುದ್ಧ. ಅದರ ಮೊದಲ ಮೂರು ಹಂತಗಳಲ್ಲೂ ಕಲೆಕ್ಟರ್‌ನಿಂದ ಬೇಸ್‌ಗೆ ಫೀಡ್‌ಬ್ಯಾಕ್ ಇರುವುದರಿಂದ 2ಎನ್5088 ಬದಲು ಬಿಸಿ549ಸಿ ಹಾಕಿದರೆ ದನಿ ಹೆಚ್ಚೇನೂ ಅಲುಗದು. ಅಲ್ಲಿ ಕೈಕೊಡುವುದು ಕಾಲುಗಳು. ಚಪ್ಪಟೆ ಮುಖ ನಮ್ಮತ್ತ, ಕಾಲು ಕೆಳಗೆ ಹಿಡಿದಾಗ 2ಎನ್5088, 2ಎನ್3904 ಎಡದಿಂದ ಎಮಿಟರ್, ಬೇಸ್, ಕಲೆಕ್ಟರ್. ಬಿಸಿ547, ಬಿಸಿ549 ಅದಕ್ಕೆ ಉಲ್ಟಾ, ತಿರುಗಿಸಿ ಹಾಕಿದರಾಯಿತು. 2ಎಸ್‌ಸಿ1815 ಮಾತ್ರ ಎಮಿಟರ್, ಕಲೆಕ್ಟರ್, ಬೇಸ್. ಇದರ ಕಾಲನ್ನು ಮಡಚಿ ದಾಟಿಸಬೇಕು. ಎಮಿಟರ್-ಕಲೆಕ್ಟರ್ ಅದಲುಬದಲಾದ ಟ್ರಾನ್ಸಿಸ್ಟರ್ ಪೂರ್ತಿ ಸಾಯುವುದಿಲ್ಲ, ಬಡಕಲು ಗೇನಿನಲ್ಲಿ ಕುಂಟುತ್ತಾ ಕೆಲಸ ಮಾಡುತ್ತದೆ. ಅದಕ್ಕೇ ಈ ತಪ್ಪು ಬೇಗ ಸಿಕ್ಕಿಬೀಳುವುದಿಲ್ಲ. ಮಾಸ್‌ಫೆಟ್ ಎಂಬ ಬಗೆಯ ಟ್ರಾನ್ಸಿಸ್ಟರ್‌ನಲ್ಲೂ ಹೀಗೇ: 2ಎನ್7000 ಸೋರ್ಸ್, ಗೇಟ್, ಡ್ರೈನ್, ಬಿಎಸ್170 ಅದರ ಕನ್ನಡಿ.

ಇನ್ನೊಂದು ಬಗೆಯ ಟ್ರಾನ್ಸಿಸ್ಟರ್‌ಗಳಾದ ಜೆಫೆಟ್‌ಗಳು ಈಗ ಕಾಲುಳ್ಳ ರೂಪದಲ್ಲಿ ವಿರಳ, ನಕಲಿಯೂ ಹೇರಳ. ಜೆ201 ಜಾಗಕ್ಕೆ 2ಎನ್5457 ಹಾಕಿದರೆ ಕಾಲುಗಳು ಹೊಂದುತ್ತವೆ, ಕರೆಂಟ್ ಹೊಂದುವುದಿಲ್ಲ. ಜೆ201 ಹೆಚ್ಚೆಂದರೆ 1 ಮಿಲಿಆಂಪಿಯರ್ ಬಿಡುತ್ತದೆ, 2ಎನ್5457 ಒಂದರಿಂದ ಐದು. ಡ್ರೈನ್ ಟ್ರಿಮ್‌ಪಾಟ್‌ನಿಂದ ವೋಲ್ಟೇಜನ್ನು 4.5ಕ್ಕೆ ತಂದರೂ ಅಲ್ಲಿ ಉಳಿಯುವ ರೆಸಿಸ್ಟೆನ್ಸ್ ಚಿಕ್ಕದಾಗಿ ಗೇನ್ ಇಳಿಯುತ್ತದೆ. ಸೋರ್ಸ್ ರೆಸಿಸ್ಟರ್ ಹೆಚ್ಚಿಸಿ, ಅದರ ಮೇಲೆ ಕೆಪಾಸಿಟರ್ ಕೊಟ್ಟರೆ ಸ್ವಲ್ಪ ವಾಪಸು ಬರುತ್ತದೆ. ಡ್ರೈನ್ ಮತ್ತು ಸೋರ್ಸ್ ಅದಲುಬದಲಾದರೆ ಸಾಮಾನ್ಯವಾಗಿ ಚಿಂತೆಯಿಲ್ಲ, ಗೇಟ್ ಎಲ್ಲಿದೆ ಎಂಬುದೇ ಮುಖ್ಯ: ಈ ಎರಡರಲ್ಲಿ ತುದಿಗೆ, 2ಎಸ್‌ಕೆ30ಎಯಲ್ಲಿ ನಡುವೆ. ದನಿಯನ್ನು ಅಲೆಯಾಡಿಸುವ ಫೇಸ್ 90 ಪೆಡಲ್ ಮಾದರಿಯಲ್ಲಿ ನಾಲ್ಕು ಜೆಫೆಟ್‌ಗಳೂ ಒಂದಕ್ಕೊಂದು ಹೊಂದಬೇಕು, ಇಲ್ಲದಿದ್ದರೆ ಅಲೆ ಏಳುವುದೇ ಇಲ್ಲ. ಗೇಟ್ ಗ್ರೌಂಡ್‌ಗೆ, ಡ್ರೈನ್ 9 ವೋಲ್ಟ್‌ಗೆ, ಸೋರ್ಸ್‌ನಿಂದ ಗ್ರೌಂಡ್‌ಗೆ 10ಕೆ ಕೊಟ್ಟು ಸೋರ್ಸ್ ವೋಲ್ಟೇಜ್ ಓದಿ, 0.05 ವೋಲ್ಟ್ ಒಳಗೆ ಬರುವ ನಾಲ್ಕನ್ನು ಆರಿಸಿ.

ಕೆಲವು ಚಿಪ್‌ಗಳ ಹೆಸರು ಹತ್ತಿರ, ಒಳಗೆ ಅಜಗಜಾಂತರ. ಕೋರಸ್, ಡಿಲೇ ಪೆಡಲ್‌ಗಳ ಎಂಎನ್3007 ಮತ್ತು ಎಂಎನ್3207 ಪವರ್‌ನ ದಿಕ್ಕಿನಲ್ಲೇ ಬೇರೆ, ಕ್ಲಾಕ್ ಚಿಪ್ಪೂ ಬೇರೆ: ಒಂದಕ್ಕೆ 3101, ಇನ್ನೊಂದಕ್ಕೆ 3102. ಒಂದರ ಬೋರ್ಡಿಗೆ ಇನ್ನೊಂದು ಹೋಗದು. ವೋಲ್ಟೇಜ್ ಏರಿಸುವ ಅಥವಾ ತಿರುಗಿಸುವ ಚಾರ್ಜ್ ಪಂಪ್‌ನಲ್ಲಿ ಟಿಸಿ1044ಎಸ್‌ನ 1ನೇ ಕಾಲನ್ನು ಪ್ಲಸ್‌ಗೆ ಕಟ್ಟಿದರೆ ಅದರ ಲಯ ಕಿವಿಗೆ ಕೇಳದಷ್ಟು ಮೇಲೇರುತ್ತದೆ. ಸಾದಾ ಐಸಿಎಲ್7660ಕ್ಕೆ ಆ ಸೌಲಭ್ಯವಿಲ್ಲ, ಪೆಡಲ್ ಕೀ ಎನ್ನುತ್ತದೆ. 10 ವೋಲ್ಟ್ ದಾಟುವ ಅಡಾಪ್ಟರ್ ಅದನ್ನು ಸುಟ್ಟೂ ಬಿಡುತ್ತದೆ. ಎಲ್‌ಟಿ1054 ಗಟ್ಟಿ, ಆದರೆ ಅದೇ ಬೋರ್ಡಿಗೆ ಹಾಕುವಾಗ 1ನೇ ಕಾಲನ್ನು ಮೇಲೆತ್ತಿ ಬಿಡಬೇಕು.

ಪಾಟ್‌ಗಳಲ್ಲಿ ಬೆಲೆಗಿಂತ ಏರಿಕೆಯ ಬಗೆ ಮುಖ್ಯ: ಬಿ ಸಮನಾಗಿ ಏರುತ್ತದೆ, ಎ ನಿಧಾನ ಶುರುವಾಗಿ ಕೊನೆಗೆ ಜಿಗಿಯುತ್ತದೆ, ಸಿ ಅದರ ಉಲ್ಟಾ. ವಾಲ್ಯೂಮ್‌ಗೆ ಎ ಬದಲು ಬಿ ಹಾಕಿದರೆ ಕಾಲುಭಾಗ ತಿರುಗುವಷ್ಟರಲ್ಲೇ ಸದ್ದೆಲ್ಲ ಬಂದುಬಿಡುತ್ತದೆ. ಗೇನ್‌ಗೆ ಸಿ ಸಿಗದಿದ್ದರೆ ಎಯನ್ನೇ ಇನ್ನೊಂದು ಹೊರಗಾಲಿನಿಂದ ಕಟ್ಟಿ, ಎಡಕ್ಕೆ ತಿರುಗಿಸಿದರೆ ಏರುತ್ತದೆ, ಅಷ್ಟೇ ವ್ಯತ್ಯಾಸ. 500ಕೆ ಇಲ್ಲದಿದ್ದರೆ 1 ಮೆಗಾಓಮ್ ಪಾಟ್‌ನ ಬಳಸುವ ಎರಡು ಕಾಲುಗಳ ನಡುವೆ 1 ಮೆಗಾಓಮ್ ರೆಸಿಸ್ಟರ್ ಬೆಸೆಯಿರಿ. ಬಿ ಪಾಟ್ ಆದರೆ ಅರ್ಧ ತಿರುಗಿಸಿದಾಗ 333ಕೆ, ಅಂದರೆ ಮೂರರಲ್ಲಿ ಎರಡು ಪಾಲು ಮೊದಲರ್ಧದಲ್ಲೇ ಮುಗಿಯುತ್ತದೆ. ಟೋನ್‌ನ 20ಕೆ ಜಾಗಕ್ಕೆ 25ಕೆ ಬಿ ನಡೆಯುತ್ತದೆ.

ಬದಲಿ ಹಾಕುವಾಗ ಒಂದು ಸಲಕ್ಕೆ ಒಂದೇ ಹಾಕಿ. ಚಿಪ್, ಟ್ರಾನ್ಸಿಸ್ಟರ್, ಕ್ಲಿಪ್ಪಿಂಗ್ ಡಯೋಡ್‌ಗಳಿಗೆ ಸಾಕೆಟ್ ಇರಲಿ. ಹಳೆಯದನ್ನು ತೆಗೆಯುವ ಮೊದಲು ಅದರ ಪ್ರತಿ ಕಾಲಿನ ವೋಲ್ಟೇಜ್ ಬರೆದಿಟ್ಟುಕೊಂಡು, ಹೊಸದು ಕೂತ ಮೇಲೆ ತಾಳೆ ನೋಡಿ. ಆಪ್-ಆಂಪ್‌ನ ಔಟ್‌ಪುಟ್ 4.5ರ ಹತ್ತಿರ ಇಲ್ಲದಿದ್ದರೆ ಗಿಟಾರ್ ಚುಚ್ಚಿ ಕೇಳುವ ಅಗತ್ಯವೇ ಇಲ್ಲ, ತಪ್ಪು ಅಲ್ಲೇ ಇದೆ. ದನಿ ಹೋಲಿಸುವಾಗ ಎರಡೂ ಸಲ ವಾಲ್ಯೂಮ್ ಒಂದೇ ಮಟ್ಟಕ್ಕೆ ತನ್ನಿ, ಜೋರಾಗಿರುವುದು ಯಾವತ್ತೂ ಚೆನ್ನಾಗಿರುವಂತೆ ಕೇಳುತ್ತದೆ. ಕೊನೆಗೆ ಮುಚ್ಚಳದ ಒಳಬದಿಗೆ ಒಂದು ಚೀಟಿ ಅಂಟಿಸಿ: ನಕ್ಷೆಯಲ್ಲಿ ಏನಿತ್ತು, ಈಗ ಏನು ಕೂತಿದೆ, ಎರಡನೆಯ ಟ್ರಾನ್ಸಿಸ್ಟರ್‌ನ ಕಲೆಕ್ಟರ್‌ನಲ್ಲಿ ಎಷ್ಟು ವೋಲ್ಟ್ ಇತ್ತು, ಯಾವ ಕಾಲನ್ನು ಮಡಚಿದ್ದೀರಿ ಎಂದು.